ಮೇಷ್ಟ್ರ ಮೇದೋಜೀರಕ

ಬದುಕಿಡೀ ಜೀರ್ಣಕ್ರಿಯೆಯ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರಿಗೆ ಈಗ ತಿಂದದ್ದೇ ಜೀರ್ಣವಾಗುತ್ತಿರಲಿಲ್ಲ. ಹೆಂಡತಿಯೊಡನೆ ಹೋಗಿ ಡಾಕ್ಟರ ಮುಂದೆ ಕೂತರು. ಡಾಕ್ಟರು ಅವರ ಹಳೆಯ ಶಿಷ್ಯೆ.

"ಈಜು ಕಲಿಸೋನೇ ಮುಳುಗಿದ ಹಾಗಾಯ್ತಮ್ಮ ನನ್ನ ಕಥೆ," ಎಂದು ಮೇಷ್ಟ್ರು ತಮ್ಮನ್ನೇ ಹಂಗಿಸಿಕೊಂಡರು. "ಮೇದೋಜೀರಕ ಗ್ರಂಥಿ ಕೈಕೊಟ್ಟಿದೆ. ಅದರ ರಸ ಸಣ್ಣ ಕರುಳಿಗೆ ಇಳೀದಿದ್ರೆ ಕೊಬ್ಬೂ ಕರಗಲ್ಲ, ಪಿಷ್ಟಾನೂ ಒಡೆಯಲ್ಲ. ಮುಚ್ಚಿಡಬೇಡ, ನಾನಿನ್ನು ಎಷ್ಟು ದಿನ?"

"ಸ್ಕ್ಯಾನು, ರಕ್ತ ಎಲ್ಲಾ ನೋಡ್ದೆ ಸಾರ್. ಗ್ರಂಥೀನೂ ಕರುಳೂ ಚೆನ್ನಾಗೇ ಕೆಲಸ ಮಾಡ್ತಿವೆ."

"ಮತ್ತೆ ತಿಂದ ಕಡಲೆಕಾಳು ಇಡಿಯಾಗೇ ಹೊರಗೆ ಬರುತ್ತಲ್ಲ?"

ಡಾಕ್ಟರು ರಿಪೋರ್ಟು ಬದಿಗಿಟ್ಟರು. "ಜೀರ್ಣಕ್ರಿಯೆ ಶುರುವಾಗೋದೇ ಬಾಯಲ್ಲಿ ಅಂತ ನೀವೇ ಹೇಳ್ಕೊಟ್ಟಿದ್ರಿ. ಹಲ್ಲು ಹೇಗಿವೆ ಸಾರ್?"

ಮೇಷ್ಟ್ರು ಹಲ್ಲಿನ ಸೆಟ್ಟು ಪೂರ್ತಿ ಕಾಣುವಂತೆ ನಕ್ಕರು. "ಹಾಕಿಸ್ಕೊಂಡು ವರ್ಷ ಆಗ್ತಾ ಬಂತು. ಒಂದು ಕಲೆ ಇದ್ಯಾ ನೋಡು!"

"ಕಲೆ ಎಲ್ಲಿಂದ ಬರ್ಬೇಕು?" ಎಂದರು ಹೆಂಡತಿ. "ಸವೆದು ಹೋಗುತ್ತೆ ಅಂತ, ಊಟಕ್ಕೆ ಕೂರೋ ಮುಂಚೆ ತೆಗೆದು ಡಬ್ಬಿಗೆ ಹಾಕಿಡ್ತಾರಲ್ಲ."