ಎರಡು ಟಿವಿ, ಒಂದು ಬಾಕ್ಸು

ಅಪ್ಪ ತೀರಿಕೊಂಡ ಏಳನೆಯ ದಿನದ ಪ್ರಾರ್ಥನೆ ಮುಗಿದು ಗಂಡಸರು ಊಟಕ್ಕೆ ಕೂತಿದ್ದಾಗ ರುಸ್ದಿ ಆ ಬ್ಯಾಡ್ಮಿಂಟನ್ ಪಂದ್ಯದ ಕಥೆಯನ್ನು ಮತ್ತೆ ಹೇಳಿದ. ಅದು ನಾಲ್ಕನೆಯ ಸಲ. ಅಡುಗೆಮನೆಯ ಬಾಗಿಲಲ್ಲಿ ಅನ್ನದ ಪಾತ್ರೆ ಹಿಡಿದು ನಿಂತಿದ್ದ ಹೆಂಡತಿ ಹಸ್ಮಾ ಎಣಿಸಿದ್ದಳು.

ಮೂರನೆಯ ಗೇಮು ಇಪ್ಪತ್ತು-ಇಪ್ಪತ್ತಕ್ಕೆ ಬಂದಿತ್ತಂತೆ. ಅವನು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಸದ್ದು ಜೋರಾಗಿಟ್ಟು ನೋಡುತ್ತಿದ್ದನಂತೆ. ಅದೇ ಹೊತ್ತಿಗೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದದ್ದು. ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. "ಕೇಳಿಸ್ಲೇ ಇಲ್ಲ," ಎಂದು ರುಸ್ದಿ ಕಣ್ಣೊರೆಸಿಕೊಂಡ.

ಇಮಾಮರು ಅವನ ಬೆನ್ನು ಸವರಿ, ದೇವರು ಬರೆದದ್ದನ್ನು ಅಳಿಸಲು ನಾವ್ಯಾರು ಎಂದು ಸಮಾಧಾನ ಹೇಳಿದರು. ಒಂದು ಗಂಟೆ ಮೊದಲೇ ಕರೆತಂದಿದ್ದರೆ ಉಳಿಯುತ್ತಿದ್ದರು ಎಂಬ ಡಾಕ್ಟರ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ.

ಹಸ್ಮಾ ಪಾತ್ರೆಯನ್ನು ಕೆಳಗಿಟ್ಟಳು. ಆ ಕಥೆಯಲ್ಲಿ ಏನೋ ಸರಿಯಿಲ್ಲ ಎಂದು ಮೊದಲ ದಿನದಿಂದ ಅನಿಸುತ್ತಿತ್ತು. ಏನೆಂದು ಹೊಳೆದದ್ದು ಆಗ.

ಆ ಮನೆಯಲ್ಲಿ ಟಿವಿ ಎರಡಿದ್ದವು, ಡಿಶ್ ಬಾಕ್ಸು ಒಂದೇ. ಇನ್ನೊಂದು ಬಾಕ್ಸು ದಂಡ ಎಂದು ಮಾವ ಹಾಜಿ ತಾಲಿಬ್ ಒಪ್ಪಿರಲಿಲ್ಲ. ರುಸ್ದಿಯೇ ಗೋಡೆಗೆ ತೂತು ಕೊರೆದು ನಡುಮನೆಯ ಬಾಕ್ಸಿನಿಂದ ಕೋಣೆಯ ಟಿವಿಗೆ ವೈರು ಎಳೆದಿದ್ದ. ನಡುಮನೆಯಲ್ಲಿ ಏನು ಬರುತ್ತದೋ ಕೋಣೆಯಲ್ಲೂ ಅದೇ. ರಿಮೋಟು ಯಾವಾಗಲೂ ಮುದುಕರ ಮಡಿಲಲ್ಲಿ. ಮಧ್ಯಾಹ್ನವಾದರೆ ಕಪ್ಪು-ಬಿಳುಪಿನ ಹಳೆಯ ಸಿನಿಮಾ, ಇನ್ನೊಂದಿಲ್ಲ. "ನನ್ನ ಮನೇಲಿ ಏನು ನೋಡ್ಬೇಕು ಅಂತ ನಾನು ಹೇಳ್ತೀನಿ," ಎಂದು ನಲವತ್ತಾರು ವರ್ಷದ ಮಗನಿಗೆ ನೆಂಟರ ಎದುರೇ ಅನ್ನುತ್ತಿದ್ದರು. ಮೊಣಕಾಲು ಕೆಟ್ಟ ಮೇಲಂತೂ ದಿನಕ್ಕೆ ಇಪ್ಪತ್ತು ಸಲ ಅವನನ್ನು ಕೂಗುವರು. ನೀರು ಕೊಡು, ಕನ್ನಡಕ ಹುಡುಕು, ಫ್ಯಾನು ತಿರುಗಿಸು. ತಡವಾದರೆ ಓಣಿಗೆಲ್ಲ ಕೇಳುವಂತೆ ಬೈಗುಳ.

ಆ ಭಾನುವಾರ ಹಸ್ಮಾ ಮದುವೆಮನೆಯ ಅಡುಗೆಗೆ ಹೋಗಿದ್ದಳು. ಸಂಜೆ ಐದಕ್ಕೆ ಬಂದಾಗ ರುಸ್ದಿ ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಈಗ ತಾನೇ ನೋಡಿದೆ ಎಂದ. ನಡುಮನೆಯ ಟಿವಿಯಲ್ಲಿ ಯಾವುದೋ ಹಳೆಯ ಕಾಲದ ನಾಯಕಿ ಹಾಡುತ್ತಿದ್ದಳು. ರಿಮೋಟು ಮಾವನ ಕುರ್ಚಿಯ ಮೇಲೇ ಇತ್ತು. ಟಿವಿ ಆಫ್ ಮಾಡಿದ್ದು ಹಸ್ಮಾಳೇ.

ಹಾಗಾದರೆ ಅವನು ಬ್ಯಾಡ್ಮಿಂಟನ್ ನೋಡಿದ್ದು ಎಲ್ಲಿ? ಸ್ಕೋರು ಮರುದಿನದ ಪತ್ರಿಕೆಯಲ್ಲಿತ್ತು, ಅದನ್ನು ಯಾರು ಬೇಕಾದರೂ ಹೇಳಬಹುದು.

ದೋಣಿಕಟ್ಟೆಯ ಹತ್ತಿರ ಬಟ್ಟೆ ಹೊಲಿಯುವ ರೋಹಾನಿಯ ನೆನಪು ತಾನಾಗಿಯೇ ಬಂತು. ಗಂಡ ಸತ್ತವಳು, ರುಸ್ದಿಯ ಜೊತೆ ಶಾಲೆಯಲ್ಲಿ ಓದಿದವಳು. ಮೀನಿನ ಅಂಗಡಿಯ ಹೆಂಗಸು ಒಮ್ಮೆ ನಗುತ್ತಲೇ ಚುಚ್ಚಿದ್ದಳು: "ನಿನ್ನ ಗಂಡನ ಅಂಗಿ ಗುಂಡಿ ವಾರಕ್ಕೊಂದು ಕಿತ್ತುಹೋಗುತ್ತಲ್ಲೇ ಹಸ್ಮಾ. ನಿಮ್ಮನೇಲಿ ಸೂಜಿ ಇಲ್ವಾ?"

ನೆಂಟರು ಹೋದ ಮೇಲೆ ಅವಳು ಚಾಪೆ ಸುತ್ತುತ್ತ ಗಂಡನನ್ನು ಕೇಳಿದಳು. "ಅಬಾಂಗ್, ಭಾನುವಾರ ನೀವು ಮನೇಲಿರ್ಲಿಲ್ಲ ಅಲ್ವಾ?"

ಅವಳು ಟಿವಿಯ ವಿಷಯ ಹೇಳಿದಳು. ಒಂದೇ ಬಾಕ್ಸಲ್ಲಿ ಸಿನಿಮಾನೂ ಪಂದ್ಯಾನೂ ಒಟ್ಟಿಗೆ ಬರೋದು ಹೇಗೆ ಎಂದಳು. ಅವನ ಮುಖ ಬಿಳಿಚಿಕೊಂಡಿತು.

"ರೋಹಾನಿ ಮನೆಗೆ ಹೋಗಿದ್ರಾ?"

ಅವನು ಅವಳನ್ನೇ ನೋಡಿದ. ಆಮೇಲೆ, "ಹೂಂ," ಎಂದ. ಅಷ್ಟು ಬೇಗ ಒಪ್ಪುತ್ತಾನೆಂದು ಅವಳು ಎಣಿಸಿರಲಿಲ್ಲ. ಊರಿಗೆ ಹೇಳಬೇಡ ಎಂದು ಅಂಗಲಾಚಿದ. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದ. ಅಪ್ಪ ಸಾಯುವ ಹೊತ್ತಿಗೆ ಇನ್ನೊಬ್ಬಳ ಮನೆಯಲ್ಲಿದ್ದವನು! ಹಸ್ಮಾ ಆ ರಾತ್ರಿ ಅಡುಗೆಮನೆಯಲ್ಲಿ ಮಲಗಿದಳು. ಮೂರು ದಿನ ಅವನ ಮುಖ ನೋಡದೆ ಅನ್ನ ಬಡಿಸಿದಳು.

ನಾಲ್ಕನೆಯ ದಿನ ಬೆಳಿಗ್ಗೆ ತಲೆವಸ್ತ್ರ ಸರಿಮಾಡಿಕೊಂಡು ದೋಣಿಕಟ್ಟೆಗೆ ಹೊರಟಳು. ಬಾಯಲ್ಲಿ ಬೈಗುಳ ಸಿದ್ಧವಾಗಿದ್ದವು.

ರೋಹಾನಿ ಜಗಲಿಯಲ್ಲಿ ಬಟ್ಟೆಯ ಗಂಟು ಬಿಚ್ಚುತ್ತಿದ್ದಳು. ಹಸ್ಮಾಳನ್ನು ಕಂಡವಳೇ ಎದ್ದು ಬಂದು ಕೈ ಹಿಡಿದುಕೊಂಡಳು. ಮಗಳ ಬಾಣಂತನಕ್ಕೆಂದು ಕೌಲಾಲಂಪುರಕ್ಕೆ ಹೋಗಿದ್ದಳಂತೆ. ಇಪ್ಪತ್ತು ದಿನ ಮನೆಗೆ ಬೀಗ. "ನಿನ್ನೆ ಬಂದೆ ಅಕ್ಕಾ. ನಿಮ್ಮ ಮಾವ ಹೋದದ್ದು ಬಂದ್ಮೇಲೇ ಗೊತ್ತಾಯ್ತು." ಪಕ್ಕದ ಮನೆಯ ಅಜ್ಜಿ, ಅಷ್ಟು ದಿನ ಕೋಳಿಗಳಿಗೆ ಕಾಳು ಹಾಕಿದ್ದು ತಾನೇ ಎಂದು ಬೇಲಿಯಾಚೆಯಿಂದ ದನಿಗೂಡಿಸಿದಳು.

ಬೈಗುಳ ಬಾಯಲ್ಲೇ ಉಳಿದವು. ವಾಪಸು ಬರುವಾಗ ಹಸ್ಮಾಳ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಗಂಡನಿಗೆ ಯಾರೂ ಇಲ್ಲ. ಅವನಿಗೆ ಇಷ್ಟವೆಂದು ಕರಿದ ಬಾಳೆಹಣ್ಣು ಕಟ್ಟಿಸಿಕೊಂಡಳು. ಸೇತುವೆಯ ನಡುವೆ ಬರುವಷ್ಟರಲ್ಲಿ ಹೆಜ್ಜೆ ನಿಧಾನವಾಯಿತು. ಮಾಡದ ಹಾದರವನ್ನು ಯಾವ ಗಂಡಸು ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ? ಅದಕ್ಕಿಂತ ಹೊಲಸಾದದ್ದು ಏನಿದ್ದೀತು, ಅದರ ಕೆಳಗೆ ಮುಚ್ಚಿಡಲು?

ರುಸ್ದಿ ಮನೆಯ ಮೆಟ್ಟಿಲ ಮೇಲೆ ಕೂತಿದ್ದ.

"ರೋಹಾನಿ ಊರಲ್ಲೇ ಇರ್ಲಿಲ್ಲ," ಎಂದಳು.

ಅವನು ತಲೆಯೆತ್ತಲಿಲ್ಲ.

"ಕೋಣೇಲೇ ಇದ್ದೆ. ಅಪ್ಪ ಹಾಕಿದ್ದ ಸಿನಿಮಾನೇ ನೋಡ್ತಾ ಮಲಗಿದ್ದೆ. ಎರಡು ಸಲ ಕೂಗಿದ್ರು ಹಸ್ಮಾ. ಮೂರನೇ ಸಲ ಕೂಗಿದ್ರೆ ಏಳೋಣ ಅಂತಿದ್ದೆ."