ಬೆಚ್ಚಗಿದ್ದ ಬೆಲ್ಟು

“ಬೆಲ್ಟು?” ಎಂದು ಕೇಳಿದಳು ಉಯರಾಕ್.

“ಇದೆ, ಹೆಂಡ್ತಿ.”

“ಪ್ಲಗ್ಗು?”

“ಎರಡಿದೆ. ದಾರಾನೂ ಸೊಂಟಕ್ಕೆ ಸಿಕ್ಕಿಸ್ಕೊಂಡಿದೀನಿ, ನೋಡು. ಬಿದ್ರೆ ನಾನೊಬ್ಳೇ ಬೀಳ್ತೀನಿ, ಎಂಜಿನ್ ತಾನೇ ನಿಂತ್ಹೋಗುತ್ತೆ.”

“ಜಾಣ ನನ್ನ ಗಂಡ,” ಎಂದು ಉಯರಾಕ್ ಆ ಹುಡುಗಿಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದಳು.

ಅಸಲಿ ಗಂಡ ಕುಬ್ಲೂ ಪಕ್ಕದಲ್ಲೇ ಹಿಮದ ಮೇಲೆ ಓಡುವ ತನ್ನ ಗಾಡಿಗೆ, ಸ್ನೋಮೊಬೈಲಿಗೆ, ಪೆಟ್ರೋಲ್ ಹುಯ್ಯುತ್ತಿದ್ದ. ಸವತಿ ಮತ್ಸರ ಹೆಂಗಸರಿಗೆ ಮಾತ್ರ ಎಂದವರು ಅವನನ್ನು ನೋಡಿರಲಿಲ್ಲ. ಉಯರಾಕ್‌ಳ ಮೊದಲ ಗಂಡ ಅಮರೂಕ್ ತೀರಿಕೊಂಡ ಮರುವರ್ಷ ನೆರೆಮನೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಹಿರಿಯರು ಅದಕ್ಕೆ ಅವನ ಹೆಸರನ್ನೇ ಇಟ್ಟರು. ಹೆಸರು ಬಂದರೆ ನಂಟೂ ಬಂದ ಹಾಗೆ. ಅಂದಿನಿಂದ ಆ ಮಗು ಉಯರಾಕ್‌ಗೆ ಗಂಡ. ಊರಿಗೆಲ್ಲ ಇದು ಸಹಜ. ಕುಬ್ಲೂವಿಗೂ ಸಹಜವೇ, ಬೇರೆಯವರ ಮನೆಯಲ್ಲಾಗಿದ್ದರೆ. ಸತ್ತವನ ಜೊತೆ ಹೇಗೋ ಏಗಬಹುದು. ಆದರೆ ಇಪ್ಪತ್ತೊಂದು ವರ್ಷದ, ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡುವ, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುವ ಈ ಗಂಡನ ಜೊತೆ ಏಗುವುದು ಹೇಗೆ? ನಿನ್ನ ಬೆಲ್ಟು ಇದೆಯಾ ಎಂದು ಹೆಂಡತಿ ತನ್ನನ್ನು ಒಂದು ದಿನವಾದರೂ ಕೇಳಿದ್ದುಂಟೆ? ಕೇಳಿದ್ದರೆ ಇಲ್ಲ ಎನ್ನಬೇಕಾಗುತ್ತಿತ್ತು, ಅದು ಬೇರೆ ಮಾತು. ಎಂಜಿನ್ನಿನ ಬಲದಿಂದ ಗಾಡಿಯನ್ನು ಓಡಿಸುವ ರಬ್ಬರ್ ಬೆಲ್ಟು ಅವನ ಹತ್ತಿರ ಹೆಚ್ಚುವರಿಯಾಗಿ ಇದ್ದದ್ದು ಹೋದ ತಿಂಗಳೇ ಮುಗಿದಿತ್ತು, ಹೊಸದು ವಿಮಾನದಲ್ಲಿ ಬರಬೇಕಿತ್ತು.

ಹೆಂಗಸರಿಬ್ಬರೂ ಚಹಾಕ್ಕೆಂದು ಒಳಗೆ ಹೋದಾಗ ಕುಬ್ಲೂ ಅಮರೂಕ್‌ಳ ಗಾಡಿಯ ಪೆಟ್ಟಿಗೆ ತೆರೆದು, ಬೆಲ್ಟನ್ನು ಎತ್ತಿ ತನ್ನ ಅಂಗಿಯೊಳಗೆ ಸೇರಿಸಿಕೊಂಡ. ಬೇಟೆಯ ದಾರಿಯಲ್ಲಿ ಮಧ್ಯಾಹ್ನ ರೊಟ್ಟಿ ತಿನ್ನಲು ನಿಂತಾಗ, “ಎಲ್ಲಿ, ನಿನ್ನ ಬೆಲ್ಟು ತೋರ್ಸು” ಎಂದು ಹೆಂಡತಿಯ ಎದುರೇ ಕೇಳಬೇಕು. ಪೆಟ್ಟಿಗೆ ಖಾಲಿ. ಆಗ ನೋಡಬೇಕು ಜಾಣ ಗಂಡನ ಮುಖ!

ಆ ಮಧ್ಯಾಹ್ನ ಬರಲೇ ಇಲ್ಲ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಹುಡುಗಿಗಿಂತ ಮುಂದೆ ಹೋಗಬೇಕೆಂಬ ಹಟದಲ್ಲಿ, ಹಿಂದೆ ಕಟ್ಟಿದ ಜಾರುಬಂಡಿಯಲ್ಲಿ ಹೆಂಡತಿಯನ್ನೂ ಡೇರೆಯನ್ನೂ ಎಳೆದುಕೊಂಡು, ಕುಬ್ಲೂ ಮೆತ್ತನೆಯ ಹಿಮದಲ್ಲಿ ಗಾಡಿಯನ್ನು ಹಿಡಿತವಿಲ್ಲದೆ ಓಡಿಸಿದ. ಪಟ್ ಎಂಬ ಸದ್ದು, ಸುಟ್ಟ ರಬ್ಬರಿನ ವಾಸನೆ. ಎಂಜಿನ್ ಕೂಗಿಕೊಂಡಿತು, ಗಾಡಿ ಅಲುಗಲಿಲ್ಲ.

ಅಮರೂಕ್ ಬಂದವಳೇ ಕೀಲಿ ತಿರುಗಿಸಿ ಕಿತ್ತುಕೊಂಡಳು. “ಎಂಜಿನ್ ಓಡ್ತಿರುವಾಗ ಮುಚ್ಚಳಕ್ಕೆ ಕೈ ಹಾಕ್ತಾರಾ ಮಾಮ? ಬೆರಳು ಹತ್ತೂ ಬೇಕಲ್ವಾ ನಿಂಗೆ?” ಒಳಗೆ ಬೆಲ್ಟು ಚಿಂದಿ ಚಿಂದಿ. “ತೊಂದ್ರೆ ಇಲ್ಲ, ಎರಡೂ ಒಂದೇ ಥರದ ಗಾಡಿ. ನನ್ನ ಹತ್ರ ಒಂದಿದೆ.”

ಹೋಗಿ ಪೆಟ್ಟಿಗೆ ತೆರೆದಳು. ಪ್ಲಗ್ಗು, ಸ್ಪ್ಯಾನರು, ಹಗ್ಗ ಒಂದೊಂದಾಗಿ ಹಿಮದ ಮೇಲೆ ಬಂದವು. ಹುಡುಗಿಯ ಕೆನ್ನೆ ಕೆಂಪಾಯಿತು. “ಇತ್ತು... ಬೆಳಿಗ್ಗೆ ನಾನೇ ನೋಡಿದ್ದೆ.”

ಕುಬ್ಲೂ ಕಾದಿದ್ದ ಮುಖ ಅದೇ. ಆದರೆ ನೋಡಿ ಹಿಗ್ಗಲು ಪುರುಸೊತ್ತಿರಲಿಲ್ಲ. ನೂರು ಹೆಜ್ಜೆ ಆಚೆ ಮಂಜುಗಡ್ಡೆ ಸೀಳಿ ಕಪ್ಪು ನೀರು ಕಾಣುತ್ತಿತ್ತು. ಉಯರಾಕ್ ಅದನ್ನು ಒಂದು ಸಲ ನೋಡಿದಳು, ಗಾಳಿ ಬೀಸುವ ದಿಕ್ಕನ್ನು ನೋಡಿದಳು.

“ಸಮುದ್ರದ ನೀರು ಏರೋ ಹೊತ್ತು, ಬಿರುಕು ಇನ್ನೂ ಅಗಲ ಆಗುತ್ತೆ. ಗಾಡಿ ಇಲ್ಲೇ ಬಿಡೋಣ. ನೀನು ಬಂಡೀಲಿ ಸಾಮಾನಿನ ಜೊತೆ ಕೂತ್ಕೋ ಕುಬ್ಲೂ, ನಾನು ನನ್ನ ಗಂಡನ ಹಿಂದೆ ಕೂರ್ತೀನಿ.”

“ಗಾಡಿ?”

“ಸಮುದ್ರ ಉಳಿಸಿದ್ರೆ ನಾಳೆ ಸಿಗುತ್ತೆ.”

ಸಾಮಾನಿನ ಜೊತೆ! ಅದೂ ಹಿಂದಿರುಗುವಾಗ ಊರೆಲ್ಲರ ಕಣ್ಣೆದುರು, ಡೇರೆಯ ಗಂಟಿನ ಪಕ್ಕ ಇನ್ನೊಂದು ಗಂಟಾಗಿ! ಗಾಡಿ ಹೋದರೆ ಬೇಟೆಯೂ ಹೋಯಿತು. ಇನ್ನು ಆ ಹುಡುಗಿ ತಂದುಕೊಟ್ಟ ಮಾಂಸವನ್ನೇ ತಿನ್ನಬೇಕು. ಬಾಯಿ ಬಿಟ್ಟರೆ ಕಳ್ಳ, ಬಿಡದಿದ್ದರೆ ಗಂಟು. ಕೊನೆಗೆ ಕುಬ್ಲೂ ಅಂಗಿಯೊಳಗೆ ಕೈ ಹಾಕಿ ಬೆಲ್ಟನ್ನು ಹೊರಗೆ ಎಳೆದ. ಮೈಯ ಶಾಖಕ್ಕೆ ಅದು ಬೆಚ್ಚಗಿತ್ತು.

ಅಮರೂಕ್ ಅವನನ್ನು ನೋಡಿದಳು, ಬೆಲ್ಟನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು.

“ಅಯ್ಯೋ ನನ್ನ ಮರೆವೇ!” ಎಂದು ಹಣೆ ಬಡಿದುಕೊಂಡಳು. “ನಾನೇ ಅಲ್ವಾ ಮಾಮನ ಕೈಲಿ ಕೊಟ್ಟಿದ್ದು! ಚಳಿಗೆ ಬಿರುಸಾಗಿಬಿಟ್ರೆ ಸೀಳುತ್ತೆ, ಮೈಗೆ ಅಂಟಿ ಬೆಚ್ಚಗಿರ್ಲಿ ಅಂತ. ಬೈಯಬೇಡ ಹೆಂಡ್ತಿ, ತಪ್ಪು ನಂದೇ.”

ಐದೇ ನಿಮಿಷದಲ್ಲಿ ಬೆಲ್ಟು ಕೂರಿಸಿ, ಮುಚ್ಚಳ ಹಾಕಿ, ಕೀಲಿಯನ್ನು ಅವನ ಅಂಗೈಯಲ್ಲಿಟ್ಟು, ಶಿಳ್ಳೆ ಹಾಕುತ್ತಾ ತನ್ನ ಗಾಡಿಯ ಕಡೆ ನಡೆದಳು. ಕುಬ್ಲೂ ಉಸಿರು ಬಿಟ್ಟ. ಬಚಾವಾದೆ ಎಂದುಕೊಂಡು ಹೆಂಡತಿಯ ಕಡೆ ತಿರುಗಿದರೆ, ಅವಳು ಇವನನ್ನು ನೋಡುತ್ತಲೇ ಇರಲಿಲ್ಲ. ಹೋಗುತ್ತಿದ್ದ ಹುಡುಗಿಯ ಬೆನ್ನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿ ಬಂದಿತ್ತು.

“ಅವನೂ ಥೇಟ್ ಹೀಗೇ ಕಣಯ್ಯಾ,” ಎಂದಳು ಮೆಲ್ಲಗೆ. “ಯಾರದೋ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡು ಶಿಳ್ಳೆ ಹಾಕ್ತಾ ಹೋಗ್ಬಿಡೋನು. ಇಷ್ಟು ವರ್ಷ ಪದ್ಧತಿ ಅಂತ ಅವಳನ್ನ ಗಂಡ ಅಂತಿದ್ದೆ. ಇವತ್ತು ನಿಜವಾಗ್ಲೂ ಅವನೇ ಕಂಡ. ನಿನ್ನ ದಯೆಯಿಂದ.”