ಅಲುಗಾಡಿದರೆ ಹತ್ತುವ ದೀಪ

ಪೂಜೆಕೋಣೆಯ ದೀಪ ಆರಿದ್ದು ಕಂಡು ಕಾಂತಾಳ ಜೀವ ಧಸಕ್ಕೆಂದಿತು. ಯಾರೂ ಅಲುಗಾಡದಿದ್ದರೆ ತಾನೇ ಆರುವ ಆ ಸ್ಮಾರ್ಟ್ ದೀಪವನ್ನು, ಕರೆಂಟ್ ಬಿಲ್ ಇಳಿಯಲೆಂದು, ಅವಳೇ ಹಾಕಿಸಿದ್ದಳು. ಒಳಗೆ ಲಿಂಗಪೂಜೆಗೆ ಕೂತವರು ಮಾವ ಗುರುಪುತ್ರಪ್ಪ. ಎದೆನೋವೆಂದು ಮೊನ್ನೆಯಷ್ಟೇ ಪಾರಿಶ್ವಾಡದಿಂದ ಅನಗೋಳದ ಈ ಮನೆಗೆ ಬಂದವರು.

"ಮಾವಾರ..."

ಪೂಜೆಯಲ್ಲಿ ಅವರು ಮಾತಾಡುವವರಲ್ಲ. ಕತ್ತಲಲ್ಲಿ ಊದುಬತ್ತಿಯ ಕಿಡಿಯೊಂದೇ ಕಾಣುತ್ತಿತ್ತು. ತಾನು ಕಾಲಿಟ್ಟರೆ ದೀಪ ಹತ್ತುತ್ತದೆ, ಆದರೆ ಆ ಬೆಳಕಲ್ಲಿ ಏನು ನೋಡಬೇಕಾಗುತ್ತದೋ! ಅವರ ಕೈ ಅಲುಗಿಯೇ ಹತ್ತಲಿ ಶಿವನೇ, ಎಂದು ಉಸಿರು ಬಿಗಿಹಿಡಿದು ಹೊಸ್ತಿಲಾಚೆಯೇ ನಿಂತಳು.

ದೀಪ ಝಗ್ಗನೆ ಹತ್ತಿತು. ಅಂಗೈಯ ಲಿಂಗವನ್ನು ಕಣ್ಣಿಗೊತ್ತಿಕೊಂಡು ಮಾವ ಹೆಮ್ಮೆಯಿಂದ ತಿರುಗಿದರು: "ನೋಡ ಯವ್ವಾ, ಹತ್ತ ಮಿನಿಟ್ ಅಳ್ಳಾಡದ ಕುಂತು ನಿನ್ನ ಕರೆಂಟ್ ಉಳಿಸೇನಿ!"